ಗೋಲ್‌ಕೀಪರ್‌ಗೆ ಬಂದ ಪತ್ರ



ಇವತ್ತು ಒಬ್ಬ ಫುಟ್‌ಬಾಲ್ ಗೋಲ್‌ಕೀಪರ್ ವಿಚಾರ. ಹೆಸರು ಬರ್ಟ್ ಟ್ರೌಟ್‌ಮನ್. 1923ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಹುಟ್ಟಿದವನು. ಹಿಟ್ಲರನ ಬಾಲಕರ ದಳದಲ್ಲಿ ಬೆಳೆದು, ತಾನಾಗಿಯೇ ಸೇನೆ ಸೇರಿ, ರಷ್ಯಾದ ಕಡೆ ಯುದ್ಧ ಮಾಡಿ ಐರನ್ ಕ್ರಾಸ್ ಪದಕ ಪಡೆದ. ಕೊನೆಗೆ ಬ್ರಿಟಿಷರ ಕೈಗೆ ಸಿಕ್ಕು ಲಂಕಾಷೈರ್‌ನ ಕೈದಿಗಳ ಶಿಬಿರ ಸೇರಿದ. ಬಿಡುಗಡೆಯಾದ ಮೇಲೂ ಊರಿಗೆ ಹೋಗದೆ ಅಲ್ಲೇ ಉಳಿದ. 1949ರಲ್ಲಿ ಮ್ಯಾಂಚೆಸ್ಟರ್ ಸಿಟಿ ಅವನನ್ನು ತಂಡಕ್ಕೆ ಸೇರಿಸಿಕೊಂಡಿತು.

ಮ್ಯಾಂಚೆಸ್ಟರ್‌ನಲ್ಲಿ ಯಹೂದಿಗಳು ಬಹಳ. ಸುಮಾರು 20,000 ಜನ ಪ್ರತಿಭಟಿಸಿದರು, ಆಟ ಬಹಿಷ್ಕರಿಸುತ್ತೇವೆ ಎಂದರು. ಅವರ ಸಿಟ್ಟನ್ನು ನಾನು ದ್ವೇಷ ಎನ್ನಲಾರೆ. ಗಾಯ ಇನ್ನೂ ಹಸಿಯಾಗಿತ್ತು.

ಆಗ ಆ ಊರಿನ ಯಹೂದಿ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ಜರ್ಮನರು ಮಾಡಿದ್ದನ್ನು ಅವರು ಚಿಕ್ಕದು ಮಾಡಲಿಲ್ಲ. ಆ ಅಪರಾಧಗಳಲ್ಲಿ ಪಾಲಿಲ್ಲದ ಒಬ್ಬ ವ್ಯಕ್ತಿಯನ್ನು ಅದಕ್ಕಾಗಿ ದಂಡಿಸಬೇಡಿ ಎಂದರು, ಅಷ್ಟೇ. ಆಲ್ಟ್‌ಮನ್ನರ ತಂದೆಯನ್ನು ನಾಜಿಗಳು 1944ರಲ್ಲಿ ಔಷ್‌ವಿಟ್ಜ್‌ನಲ್ಲಿ ಕೊಂದಿದ್ದರು.

1950ರ ಜನವರಿಯಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ಮೈದಾನದಲ್ಲಿ ಜನ ಅವನನ್ನು ಬೈದು ಹಂಗಿಸಿದರು. ಆಟ ಮುಗಿಯುವ ಹೊತ್ತಿಗೆ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿಟಿ ಸೋತಿತ್ತು, ಆದರೆ ಅವನು ಅಷ್ಟು ಚೆನ್ನಾಗಿ ಚೆಂಡು ತಡೆದಿದ್ದ. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಕತ್ತಿನ ಮೂಳೆ ಮುರಿದರೂ ಕೊನೆತನಕ ಆಡಿದ್ದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ನನ್ನನ್ನು ಕಾಡುವುದು ಆ ಚಪ್ಪಾಳೆ. ಆ ದಿನ ಅವನು ಹತ್ತು ಗೋಲು ಬಿಟ್ಟಿದ್ದರೆ? ಮೇಷ್ಟರಾಗಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನಮ್ಮ ಕೇರಿಯ ಹುಡುಗಿ ತಾಲೂಕಿಗೆ ಮೊದಲು ಬಂದರೆ ಶಾಲು, ಹಾರ. ಸುಮ್ಮನೆ ಪಾಸಾದರೆ ಅವಳ ಜಾತಿ ನೆನಪಾಗುತ್ತದೆ. ಟ್ರೌಟ್‌ಮನ್ ದಬ್ಬಾಳಿಕೆಯ ಕಡೆಯಿಂದ ಬಂದವನು, ನಮ್ಮ ಹುಡುಗಿ ಅದನ್ನು ಉಂಡವಳು. ಎರಡೂ ಒಂದೇ ಅಲ್ಲ, ಗೊತ್ತು. ಆದರೆ ಆಲ್ಟ್‌ಮನ್ ಬರೆದದ್ದು ಅವನು ಸಿಟಿಯ ಪರವಾಗಿ ಏನನ್ನೂ ಸಾಧಿಸಿ ತೋರಿಸುವ ಮೊದಲೇ. ಮನುಷ್ಯ ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

ಇನ್ನೊಂದು ಮಾತು. 'ಹಳೆಯದನ್ನೆಲ್ಲ ಮರೆತುಬಿಡಿ' ಎಂದು ನಮಗೆ ಬುದ್ಧಿ ಹೇಳುವವರು ಸಾಮಾನ್ಯವಾಗಿ ಏನನ್ನೂ ಕಳೆದುಕೊಂಡವರಲ್ಲ. ಆ ಪತ್ರಕ್ಕೆ ತೂಕ ಬಂದದ್ದು ಬರೆದವರು ಕಳೆದುಕೊಂಡದ್ದರಿಂದ. ಅದೇ ಪತ್ರವನ್ನು ಟ್ರೌಟ್‌ಮನ್ ತಾನೇ ಬರೆದಿದ್ದರೆ ಯಾರು ಓದುತ್ತಿದ್ದರು? ಉಕ್ರೇನಿನಲ್ಲಿ ನಿರಾಯುಧ ಜನರನ್ನು ಗುಂಡಿಟ್ಟು ಕೊಲ್ಲುವುದನ್ನು ಕಣ್ಣಾರೆ ಕಂಡಿದ್ದೆ ಎಂದು ಅವನೇ ಮುಂದೆ ಹೇಳಿಕೊಂಡ. ಕಂಡು ಸುಮ್ಮನಿದ್ದವನಿಗೆ ಪಾಲೇ ಇಲ್ಲವೆ? ಪತ್ರ ಅದನ್ನು ತೀರ್ಮಾನಿಸುವುದಿಲ್ಲ. ಕೈಯಾರೆ ಮಾಡದವನ ಮೇಲೂ ಅಷ್ಟು ಬಾಕಿ ಉಳಿಯುತ್ತದೆ ಎಂದೇ ನನ್ನ ಅನಿಸಿಕೆ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಂಗುಲಿಮಾಲನ ಕಥೆ ಸೇರಿಸಿದ್ದಾರೆ. ಪಾಲಿ ಸುತ್ತದಲ್ಲಿ ಕಥೆ ಇನ್ನೂ ಮುಂದೆ ಹೋಗುತ್ತದೆ. ಭಿಕ್ಖುವಾದ ಮೇಲೂ ಭಿಕ್ಷೆಗೆ ಹೋದಾಗ ಅವನಿಗೆ ಕಲ್ಲು, ಕೋಲಿನ ಪೆಟ್ಟು ಬೀಳುತ್ತವೆ. ಒಡೆದ ಪಾತ್ರೆ, ರಕ್ತ ಸೋರುವ ತಲೆಯೊಂದಿಗೆ ಬುದ್ಧನ ಬಳಿ ಬರುತ್ತಾನೆ. ಹೊಡೆದವರಿಗೆ ಬುದ್ಧ ಏನೂ ಹೇಳಿ ಕಳಿಸುವುದಿಲ್ಲ. ಸಹಿಸಿಕೋ ಎಂದು ಹೇಳುವುದು ಅಂಗುಲಿಮಾಲನಿಗೆ.