ಲೋಕಸಂಗ್ರಹ ಮತ್ತು ಮುಂದಾಳಿನ ಬಯಕೆ

ಫಲದ ಆಸೆ ತೊರೆದು ಕರ್ಮ ಮಾಡಬೇಕೆಂಬ ಭಗವದ್ಗೀತೆಯ ಉಪದೇಶಕ್ಕೆ ಎದುರಾಗುವ ಮೊದಲ ಆಕ್ಷೇಪವೆಂದರೆ, ಆಸೆಯೇ ಇಲ್ಲದವನು ಕೆಲಸಕ್ಕೆ ಏಕೆ ಕೈಹಾಕುತ್ತಾನೆ, ಅಡ್ಡಿಗಳು ಬಂದಾಗ ಯಾವ ಬಲದಿಂದ ಮುಂದುವರಿಯುತ್ತಾನೆ ಎಂಬುದು. ಮೂರನೆಯ ಅಧ್ಯಾಯವು ಇದಕ್ಕೆ ಕೊಡುವ ಉತ್ತರ ಲೋಕಸಂಗ್ರಹ, ಅಂದರೆ ಜನಜೀವನವು ಚದುರಿಹೋಗದಂತೆ ಕೂಡಿಸಿ ನಡೆಸುವ ಹೊಣೆ. ಜನಕನಂಥವರು ಕರ್ಮದಿಂದಲೇ ಸಿದ್ಧಿ ಪಡೆದರೆಂದೂ, ಹಿರಿಯರು ನಡೆದಂತೆ ಉಳಿದವರು ನಡೆಯುತ್ತಾರೆಂದೂ, ಮೂರು ಲೋಕಗಳಲ್ಲಿ ತನಗೆ ಪಡೆಯಬೇಕಾದದ್ದು ಏನೂ ಇಲ್ಲದಿದ್ದರೂ ತಾನು ಕರ್ಮದಲ್ಲಿ ತೊಡಗಿರುವೆನೆಂದೂ ಕೃಷ್ಣನು ಹೇಳುತ್ತಾನೆ. ಆದರೂ ಅದೇ ಅಧ್ಯಾಯದ 25ನೆಯ ಶ್ಲೋಕವು ಜ್ಞಾನಿಯು ಲೋಕಸಂಗ್ರಹವನ್ನು ಬಯಸಿ ದುಡಿಯಬೇಕೆನ್ನುವುದರಿಂದ, ಬಯಕೆಯು ಇಲ್ಲಿ ಪೂರ್ತಿ ಅಳಿಯುವುದಿಲ್ಲ. ತನಗಾಗಿ ಇದ್ದದ್ದು ಲೋಕಕ್ಕಾಗಿ ಎಂದಾಗುತ್ತದೆ, ಅಷ್ಟೆ.

ಶಂಕರಾಚಾರ್ಯರ ಭಾಷ್ಯದಲ್ಲಿ ಈ ಹೊಣೆ ಹೆಚ್ಚಾಗಿ ತಡೆಯುವ ಕೆಲಸವಾಗಿದ್ದು, ಜನರು ಅಡ್ಡದಾರಿ ಹಿಡಿಯದಂತೆ ನೋಡಿಕೊಳ್ಳುವುದೇ ಅದರ ತಾತ್ಪರ್ಯ; ಜ್ಞಾನಿಗೆ ತನ್ನ ಮಟ್ಟಿಗೆ ಮಾಡಬೇಕಾದ ಕರ್ಮವೇನೂ ಉಳಿದಿರುವುದಿಲ್ಲ. ಬಾಲಗಂಗಾಧರ ತಿಲಕರು ಇದನ್ನು ಒಪ್ಪಲಿಲ್ಲ. 1908ರಲ್ಲಿ ರಾಜದ್ರೋಹದ ಆರೋಪದ ಮೇಲೆ ಆರು ವರ್ಷಗಳ ಶಿಕ್ಷೆಗೆ ಗುರಿಯಾಗಿ ಬರ್ಮಾದ ಮಂಡಾಲೆ ಸೆರೆಮನೆ ಸೇರಿದ ಅವರು, 1910–11ರ ಚಳಿಗಾಲದಲ್ಲಿ ಪೆನ್ಸಿಲಿನಿಂದ ಬರೆದ ‘ಗೀತಾರಹಸ್ಯ’ದಲ್ಲಿ, ಜ್ಞಾನ ದೊರೆತ ಮೇಲೆಯೂ ಲೋಕಕ್ಕಾಗಿ ಕೊನೆಯವರೆಗೆ ಕರ್ಮ ಮಾಡುವುದೇ ಗೀತೆಯ ಮತವೆಂದು ವಾದಿಸಿದರು. 1915ರಲ್ಲಿ ಮರಾಠಿಯಲ್ಲಿ ಪ್ರಕಟವಾದ ಈ ಗ್ರಂಥವನ್ನು ಕನ್ನಡಕ್ಕೆ ತಂದವರು ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಆಲೂರು ವೆಂಕಟರಾಯರು. ಫಲವು ಕಣ್ಣಳತೆಯಲ್ಲೇ ಇಲ್ಲದ ಸೆರೆಯಲ್ಲಿ ಇಂಥ ವಾದ ರೂಪುಗೊಂಡುದರಲ್ಲಿ ಅಚ್ಚರಿಯೇನೂ ಇಲ್ಲ.

ಆದರೆ ಲೋಕಸಂಗ್ರಹವು ದುಡಿಯುವ ಛಲವನ್ನು ಕೊಡುತ್ತದೆಯೇ ಹೊರತು ಯಾವ ಬದಲಾವಣೆ ಒಳಿತೆಂಬುದನ್ನು ತಾನಾಗಿ ತಿಳಿಸುವುದಿಲ್ಲ. ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ 1891ರ ಕಾಯಿದೆಯನ್ನು, ಪರಕೀಯ ಸರ್ಕಾರ ಸಮಾಜದ ವಿಷಯದಲ್ಲಿ ಕೈಹಾಕಬಾರದೆಂಬ ಕಾರಣಕ್ಕೆ, ಇದೇ ತಿಲಕರು ಬಲವಾಗಿ ವಿರೋಧಿಸಿದ್ದರು. ಅವರ ನಿಸ್ವಾರ್ಥತೆಯನ್ನು ಶಂಕಿಸಬೇಕಾಗಿಲ್ಲ. ನಿಸ್ವಾರ್ಥತೆಯೊಂದೇ ಸಾಲದೆಂಬುದು ಇಲ್ಲಿನ ತೊಡಕು.

ಈ ಕೊರತೆಯನ್ನು ತುಂಬುವ ದಾರಿಯೊಂದು ಹನ್ನೆರಡನೆಯ ಶತಮಾನದ ಶರಣರಲ್ಲಿ ಕಾಣುತ್ತದೆ. ಅವರ ದೃಷ್ಟಿಯಲ್ಲಿ ಕಾಯಕವೆಂದರೆ ಮೈಮುರಿದು ಮಾಡುವ ಪ್ರಾಮಾಣಿಕ ದುಡಿಮೆ, ದಾಸೋಹವೆಂದರೆ ಆ ಗಳಿಕೆಯನ್ನು ವಿನಯದಿಂದ ಸಮುದಾಯಕ್ಕೆ ಸಲ್ಲಿಸುವುದು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಶರಣರ ಕಥೆ ತಿಳಿಸುತ್ತದೆ. ಆ ಅಕ್ಕಿಯೂ ದಾಸೋಹಕ್ಕೇ ಸಲ್ಲುವಂಥದ್ದಾಗಿದ್ದರಿಂದ ಮಾರಯ್ಯನಿಗೆ ತನ್ನಲ್ಲಿ ತಪ್ಪು ಕಂಡಿರಲಾರದು. ಒಳ್ಳೆಯ ಉದ್ದೇಶದ ಮರೆಯಲ್ಲಿ ಬೆಳೆಯುವ ಆಸೆ ಆಸೆಗಾರನಿಗೇ ಕಾಣುವುದು ಕಷ್ಟ. ಗೀತೆಯ ಕರ್ಮಯೋಗಿ ತನ್ನ ಮನಸ್ಸನ್ನು ತಾನೇ ಒರೆಹಚ್ಚಿಕೊಳ್ಳಬೇಕು, ಮಾರಯ್ಯನಿಗಾದರೋ ಕೇಳುವವರು ಮನೆಯಲ್ಲೇ ಇದ್ದರು. ಮುಂದಾಳುತನದ ವಿಷಯದಲ್ಲಿ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹವಾದ ವ್ಯವಸ್ಥೆ.