ತಾರೀಖು ಬಿದ್ದ ಸಾಕ್ಷಿ: ವಿಡಿಯೋ ಗೇಮ್ ಪತ್ರಿಕೆಗಳ ಮೀಮಾಂಸೆ

ವೇದವಾಕ್ಯದ ಅರ್ಥ ನಿರ್ಣಯಕ್ಕೆಂದು ಕಟ್ಟಿದ ಕ್ರಮವನ್ನು ಮಾರಿಯೋ, ಸೋನಿಕ್‌ಗಳ ಪತ್ರಿಕೆಗೆ ಹಚ್ಚುವುದು ಅತಿಯಾಯಿತು ಎನ್ನುವವರು ಇರಬಹುದು. ಆದರೆ ಮೀಮಾಂಸಕರ ಕ್ರಮದಲ್ಲಿ ಒಂದು ಅನುಕೂಲವುಂಟು. ಎದುರಾಳಿಗೆ ಮೊದಲು ಬಾಯಿತುಂಬ ಮಾತಾಡಲು ಬಿಡಬೇಕು, ತನ್ನ ಮಾತು ಆಮೇಲೆ. ಈ ವಾದದಲ್ಲಿ ಎದುರಾಳಿಯ ಕೈ ಮೊದಲಿಂದಲೂ ಮೇಲಾಗಿಯೇ ಇದೆ. ಹಾಗಾಗಿ ಈ ಕ್ರಮವೇ ನ್ಯಾಯ.

ವಿಷಯ ಮತ್ತು ಸಂಶಯ

ವಿಡಿಯೋ ಗೇಮ್‌ಗಳಿಗೆಂದೇ ಕಾಗದದ ಮೇಲೆ ಅಚ್ಚಾಗುವ ನಿಯತಕಾಲಿಕೆ ಇಲ್ಲಿನ ವಿಷಯ. 1981ರಲ್ಲಿ ಅಮೆರಿಕದಲ್ಲಿ ‘ಎಲೆಕ್ಟ್ರಾನಿಕ್ ಗೇಮ್ಸ್’, ಅದೇ ವರ್ಷ ಬ್ರಿಟನ್ನಿನಲ್ಲಿ ‘ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್’ ಹುಟ್ಟಿದವು. 1986ರಲ್ಲಿ ಜಪಾನಿನಲ್ಲಿ ‘ಫಾಮಿಟ್ಸು’, 1988ರಲ್ಲಿ ‘ನಿಂಟೆಂಡೋ ಪವರ್’, 1993ರಲ್ಲಿ ಬ್ರಿಟನ್ನಿನ ‘ಎಡ್ಜ್’ ಬಂದವು. ಫಾಮಿಟ್ಸು, ಎಡ್ಜ್‌ಗಳ ಉಸಿರು ಇನ್ನೂ ಆಡುತ್ತಿದೆ. ನಿಂಟೆಂಡೋ ಪವರ್ 2012ರ ಡಿಸೆಂಬರಿಗೆ ನಿಂತಿತು; ‘ಗೇಮ್ಸ್‌ಮಾಸ್ಟರ್’ ಮತ್ತು ‘ಗೇಮ್ಸ್‌ಟಿಎಂ’ 2018ರಲ್ಲಿ ಒಟ್ಟಿಗೇ ಮುಚ್ಚಿದವು. ನಮ್ಮ ದೇಶದಲ್ಲಿ ‘ಡಿಜಿಟ್’ ಎಂಬ ತಂತ್ರಜ್ಞಾನ ಪತ್ರಿಕೆಯ ಬಳಗದಿಂದ ‘ಸ್ಕೋರ್’ ಎಂಬ ಇಂಗ್ಲಿಷ್ ಮಾಸಿಕ ಕೆಲವು ಕಾಲ ನಡೆಯಿತು.

ಇಂಟರ್ನೆಟ್ ಅಂಗೈಯಲ್ಲಿರುವಾಗ ಇಂಥ ಪತ್ರಿಕೆಗೆ ಬೆಲೆಯುಂಟೋ ಇಲ್ಲವೋ ಎಂಬುದು ಸಂಶಯ. ಹಳೆಯ ನೆನಪಿನ ಹಂಬಲವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಬಾಲ್ಯದಲ್ಲಿ ತಿಂದ ಪೆಪ್ಪರಮಿಂಟೂ ಹಂಬಲ ಹುಟ್ಟಿಸುತ್ತದೆ. ಅದರಿಂದ ಪೆಪ್ಪರಮಿಂಟಿಗೆ ಪ್ರಮಾಣದ ಪದವಿ ಬರುವುದಿಲ್ಲ.

ಪೂರ್ವಪಕ್ಷ

ಎದುರಾಳಿ ಹೇಳುತ್ತಾನೆ: ಮಾಸಪತ್ರಿಕೆಯ ಪುಟಗಳು ಅಚ್ಚಿಗೆ ಹೋಗಿ, ಕಟ್ಟು ಕಟ್ಟಿಸಿಕೊಂಡು, ಲಾರಿ ಹತ್ತಿ, ಓದುಗನ ಕೈಗೆ ಬರುವಷ್ಟರಲ್ಲಿ ಸುದ್ದಿ ಹಳಸಿರುತ್ತದೆ. ಸೋನಿಯವರ ‘ಕಾನ್ಕಾರ್ಡ್’ ಆಟವನ್ನೇ ನೋಡಿ. 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್, ಕೊಂಡವರಿಗೆಲ್ಲ ಹಣ ವಾಪಸ್. ಅದರ ವಿಮರ್ಶೆ ಹೊತ್ತ ಮಾಸಿಕ ಅಂಗಡಿಗೆ ಬರುವ ಹೊತ್ತಿಗೆ ಆಟವೇ ಇಲ್ಲ! ಹಳೆಯ ಗೇಮ್ ಪತ್ರಿಕೆಯೆಂದರೆ ಹೋದ ವರ್ಷದ ಪಂಚಾಂಗ.

ಇನ್ನು ಆಟ ಗೆಲ್ಲುವ ಗುಟ್ಟು, ನಕ್ಷೆ, ಚೀಟ್ ಕೋಡ್‌ಗಳಿಗಾಗಿ ಪತ್ರಿಕೆ ಕೊಳ್ಳುತ್ತಿದ್ದ ಕಾಲವೊಂದಿತ್ತು. 1995ರಲ್ಲಿ ಗೇಮ್‌ಫ್ಯಾಕ್ಸ್ ಎಂಬ ವೆಬ್‌ಸೈಟ್ ಬಂದು ಆ ಕೆಲಸವನ್ನು ಪುಕ್ಕಟೆ ಮಾಡತೊಡಗಿತು. ಈಗ ಯೂಟ್ಯೂಬಿನಲ್ಲಿ ಹುಡುಗನೊಬ್ಬ ಆಡಿಯೇ ತೋರಿಸುತ್ತಾನೆ. ಪತ್ರಿಕೆಯ ಜೊತೆ ಅಂಟಿಸಿಕೊಡುತ್ತಿದ್ದ ಡೆಮೊ ಸಿ.ಡಿ.ಗೂ ಇಂದು ಕೆಲಸವಿಲ್ಲ. ಹತ್ತು ಸಾವಿರ ಆಟಗಾರರ ಅಭಿಪ್ರಾಯ ಸಂಜೆಯೊಳಗೆ ಸಿಗುವಾಗ ಯಾವನೋ ಒಬ್ಬ ಸಂಪಾದಕನ ತೀರ್ಪು ಯಾರಿಗೆ ಬೇಕು?

ಪ್ರಾಮಾಣಿಕತೆಯ ಮಾತಂತೂ ಬೇಡ. ನಿಂಟೆಂಡೋ ಪವರ್ ನಿಂಟೆಂಡೋ ಕಂಪನಿಯದೇ ಕೂಸು. ಅಮೆರಿಕದ ‘ಗೇಮ್ ಇನ್‌ಫಾರ್ಮರ್’ ಬಹುಕಾಲ ಆಟಗಳನ್ನು ಮಾರುವ ಗೇಮ್‌ಸ್ಟಾಪ್ ಅಂಗಡಿಗಳ ಒಡೆತನದಲ್ಲಿತ್ತು. 1992ರ ಏಪ್ರಿಲಿನಲ್ಲಿ ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ’, ‘ಸ್ಟ್ರೀಟ್ ಫೈಟರ್ 2’ರಲ್ಲಿ ಶೆಂಗ್ ಲಾಂಗ್ ಎಂಬ ಗುಪ್ತ ಗುರು ಇದ್ದಾನೆ, ಹೀಗೆ ಹೀಗೆ ಆಡಿದರೆ ಎದುರಾಗುತ್ತಾನೆ ಎಂದು ಹಸಿ ಸುಳ್ಳನ್ನು ಚಿತ್ರಸಮೇತ ಅಚ್ಚುಹಾಕಿತು. ಅದನ್ನು ನಂಬಿ ನಾಣ್ಯ ಸುರಿದ ಹುಡುಗರೆಷ್ಟೋ! ಬೇರೆ ಪತ್ರಿಕೆಗಳೂ ಅದನ್ನೇ ನಕಲು ಹೊಡೆದವು. ಇಂಥ ಸಾಕ್ಷಿಯನ್ನು ಯಾವ ಕೋರ್ಟು ಒಪ್ಪುತ್ತದೆ?

ಕಡೆಯ ಮಾತು. ಹಳೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೇ ಏರಿಸಿಯಾಗಿದೆ. 2025ರ ಜನವರಿಯಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಸಾವಿರದೈನೂರಕ್ಕೂ ಹೆಚ್ಚು ಸಂಚಿಕೆಗಳ ಡಿಜಿಟಲ್ ಗ್ರಂಥಾಲಯ ತೆರೆದಿದೆ. ಮೇಲಿಂದ ಕಾಗದ ಯಾಕೆ?

ಉತ್ತರ

ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡೋಣ. ಸುದ್ದಿಯ ಓಟದಲ್ಲಿ ಕಾಗದ ಸೋತಿದೆ. ಕೋಡು-ನಕ್ಷೆಗಳ ಕೆಲಸವೂ ಡೆಮೊ ಹಂಚುವ ಕೆಲಸವೂ ಕೈಬಿಟ್ಟವು. ಇದರಲ್ಲಿ ವಾದವಿಲ್ಲ. ಆದರೆ ಪತ್ರಿಕೆ ಹೊತ್ತ ನಾಲ್ಕು ಕೆಲಸಗಳಲ್ಲಿ ಮೂರು ಹೋದವೆಂದ ಮಾತ್ರಕ್ಕೆ ನಾಲ್ಕನೆಯದೂ ಹೋಯಿತೆನ್ನಲು ಬರುವುದಿಲ್ಲ. ಆ ನಾಲ್ಕನೆಯದು ಸಾಕ್ಷಿ ನುಡಿಯುವುದು: ಇಂಥ ತಿಂಗಳು ಇಂಥ ಆಟ ಹೀಗಿತ್ತು, ಆಡಿದವರಿಗೆ ಹೀಗನ್ನಿಸಿತು ಎಂದು ತಾರೀಖು ಹಾಕಿ ಹೇಳಿ, ಮತ್ತೆ ತಿದ್ದದೆ ಉಳಿಯುವುದು. ತಿದ್ದಲು ಬಾರದಿರುವುದನ್ನು ಎದುರಾಳಿ ಕಾಗದದ ದೋಷವೆಂದು ಎಣಿಸುತ್ತಾನೆ. ನನ್ನ ಎಣಿಕೆಯಲ್ಲಿ ಅದರ ಬೆಲೆಯೆಲ್ಲ ಇರುವುದು ಅಲ್ಲೇ.

1994ರಲ್ಲಿ ಎಡ್ಜ್ ಪತ್ರಿಕೆ ‘ಡೂಮ್’ ಆಟವನ್ನು ವಿಮರ್ಶಿಸಿತು. ಕೊಟ್ಟ ಅಂಕ ಹತ್ತಕ್ಕೆ ಏಳು. ಗುಂಡು ಹಾರಿಸುವುದೇ ಆಟವಾಯಿತು, ಈ ಪಿಶಾಚಿಗಳ ಜೊತೆ ಮಾತಾಡಿ ಗೆಳೆತನ ಬೆಳೆಸುವಂತಿದ್ದರೆ ಎಷ್ಟು ಚೆನ್ನ ಎಂಬರ್ಥದ ಒಂದು ಮಾತು ಅದರ ಕೊನೆಯಲ್ಲಿ ಬಂತು. ಡೂಮ್ ಮುಂದೆ ಒಂದು ಇಡೀ ಪ್ರಕಾರಕ್ಕೇ ಮೂಲಪುರುಷನಾಯಿತು. ಆ ವಿಮರ್ಶಕನ ಮಾತು ಮೂವತ್ತು ವರ್ಷಗಳಿಂದ ನಗೆಪಾಟಲಾಗುತ್ತಿದೆ. ವೆಬ್‌ಸೈಟಿನಲ್ಲಾಗಿದ್ದರೆ ಯಾವುದೋ ರಾತ್ರಿ ಆ ಸಾಲು ಸದ್ದಿಲ್ಲದೆ ಮಾಯವಾಗಬಹುದಿತ್ತು. ಏಳು ಒಂಬತ್ತೂ ಆಗಬಹುದಿತ್ತು. ಕಾಗದದ ಮೇಲಿದ್ದುದರಿಂದ ಉಳಿಯಿತು. 2015ರಲ್ಲಿ ‘ಅಂಡರ್‌ಟೇಲ್’ ಬಂದಾಗ ರಾಕ್ಷಸರನ್ನು ಕೊಲ್ಲದೆ ಮಾತಾಡಿಸಿ, ಮನವೊಲಿಸಿ ಮುಂದೆ ಹೋಗುವುದೇ ಆಟದ ಹೂರಣವಾಗಿತ್ತು. ಈಗ ಆ ಹಳೆಯ ಸಾಲನ್ನು ಓದಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಫಲಿತಾಂಶ ಗೊತ್ತಾಗುವ ಮೊದಲು ಒಬ್ಬ ಜಾಣ ಆಟಗಾರ ಏನು ಬಯಸಿದ್ದ ಎಂಬುದು ಅಲ್ಲಿದೆ. ತೀರ್ಪು ತಪ್ಪಾಗಿದ್ದರೂ ಸಾಕ್ಷ್ಯ ನಿಜ.

ಇಂಟರ್ನೆಟ್ ಯುಗದಲ್ಲಿ ಬರಹದ ಜೊತೆಗೆ ಆಟವೂ ಬದಲಾಗುತ್ತದೆ, ಅದು ಇನ್ನೊಂದು ತೊಡಕು. ‘ಸೈಬರ್‌ಪಂಕ್ 2077’ 2020ರ ಡಿಸೆಂಬರ್ 10ಕ್ಕೆ ಬಂದಾಗ ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕುಂಟುತ್ತಿತ್ತೆಂದರೆ ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು. 2023ರ ಹೊತ್ತಿಗೆ ಅಪ್‌ಡೇಟ್ ಮೇಲೆ ಅಪ್‌ಡೇಟ್ ಬಂದು ಅದೇ ಹೆಸರಿನ ಬೇರೆಯೇ ಆಟವಾಯಿತು. ಇಂದು ಡೌನ್‌ಲೋಡ್ ಮಾಡಿ ಆಡುವ ಹುಡುಗನಿಗೆ ಮೊದಲ ವಾರದ ರಂಪ ಕಾಣುವುದೇ ಇಲ್ಲ. ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟದ್ದು ಇನ್ನೂ ಕಷ್ಟ: 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದ ಮೇಲೆ, ದುಡ್ಡು ಕೊಟ್ಟು ಡಿಸ್ಕ್ ಇಟ್ಟುಕೊಂಡವನಿಗೂ ಅದು ತೆರೆಯಲಿಲ್ಲ. ಎದುರಾಳಿ ಎತ್ತಿದ ಕಾನ್ಕಾರ್ಡ್ ಉದಾಹರಣೆ ಹೀಗೆ ಅವನಿಗೇ ತಿರುಗಿಬೀಳುತ್ತದೆ. ಎರಡೇ ವಾರ ಬದುಕಿದ ಆಟ ಹೇಗಿತ್ತು ಎಂಬುದಕ್ಕೆ ಆಡಿದವನು ಬರೆದ ಪುಟಕ್ಕಿಂತ ಗಟ್ಟಿಯಾದದ್ದು ಏನು ಉಳಿದೀತು? ಹೋದ ವರ್ಷದ ಪಂಚಾಂಗ ಮುಹೂರ್ತಕ್ಕೆ ಬಾರದು ನಿಜ. ಹೋದ ವರ್ಷ ಯಾವ ದಿನ ಗ್ರಹಣವಿತ್ತು ಎಂದು ಕೇಳಿದರೆ ಮಾತ್ರ ಅದನ್ನೇ ತೆಗೆಯಬೇಕು.

‘ವೆಬ್‌ಸೈಟಿನ ಬರಹವೂ ಸಾಕ್ಷಿಯೇ, ಅದಕ್ಕೂ ತಾರೀಖಿದೆಯಲ್ಲ’ ಎಂದರೆ, ಉಳಿದರೆ ತಾನೆ? 2013ರಲ್ಲಿದ್ದ ವೆಬ್ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದಲ್ಲಿ ಸಿಗದಂತಾಗಿವೆ ಎಂದು ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಲೆಕ್ಕ ಕೊಟ್ಟಿತು. ಅದೇ ವರ್ಷ ಆಗಸ್ಟ್ 2ರಂದು ಗೇಮ್ ಇನ್‌ಫಾರ್ಮರ್ ಮುಚ್ಚಿದ ರೀತಿ ನೋಡಿದವರಿಗೆ ಲೆಕ್ಕವೂ ಬೇಡ. ಕೆಲಸದವರನ್ನೆಲ್ಲ ಒಂದೇ ದಿನ ಮನೆಗೆ ಕಳಿಸಿದರು. ವೆಬ್‌ಸೈಟಿನ ಯಾವ ಲೇಖನ ಒತ್ತಿದರೂ ವಿದಾಯದ ಒಂದೇ ಪುಟ. 1991ರಿಂದ ಚಂದಾದಾರರ ಮನೆ ಸೇರಿದ್ದ ಸಂಚಿಕೆಗಳು ಮಾತ್ರ ಅಲ್ಲಲ್ಲೇ ಇದ್ದವು. ಯಾವ ಕಂಪನಿಯೂ ಗುಂಡಿ ಒತ್ತಿ ಅವನ್ನು ಅಳಿಸಲಾಗಲಿಲ್ಲ. 2025ರ ಮಾರ್ಚಿನಲ್ಲಿ ಹೊಸ ಒಡೆಯರ ಕೈಯಲ್ಲಿ ಪತ್ರಿಕೆ ಮರುಹುಟ್ಟು ಪಡೆದು ಹಳೆಯ ಪುಟಗಳೂ ಮರಳಿದವು, ಸಂತೋಷ. ಆದರೆ ಅದು ಒಡೆಯರ ದಯೆ. ‘ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್’ಗೆ ಆ ದಯೆ ಒದಗಲಿಲ್ಲ. 2004ರಲ್ಲಿ ಅಚ್ಚು ನಿಲ್ಲಿಸಿ ವೆಬ್‌ಸೈಟಾಗಿ ಬದುಕಿತು, 2015ರಲ್ಲಿ ಅದೂ ಮುಚ್ಚಿತು. ಇವತ್ತು 1981ರ ಅದರ ಮೊದಲ ಸಂಚಿಕೆಯನ್ನು ಓದುವುದು, ಅದರ ವೆಬ್‌ಸೈಟಿನ ಕೊನೆಯ ದಿನಗಳ ಲೇಖನ ಹುಡುಕುವುದಕ್ಕಿಂತ ಸುಲಭ.

ಸ್ಕ್ಯಾನಿನ ವಾದಕ್ಕೆ ಹೆಚ್ಚು ಮಾತು ಬೇಡ. ಸ್ಕ್ಯಾನ್ ಮಾಡಿದ್ದು ಏನನ್ನು? ಕಾಗದವನ್ನೇ. 2024ರ ಅಕ್ಟೋಬರಿನಲ್ಲಿ ಹ್ಯಾಕರ್‌ಗಳ ದಾಳಿಗೆ, ಇಂಥ ಸ್ಕ್ಯಾನ್‌ಗಳನ್ನು ಕಾಯುವ ಇಂಟರ್ನೆಟ್ ಆರ್ಕೈವ್ ದಿನಗಟ್ಟಲೆ ಬಾಗಿಲು ಹಾಕಿಕೊಂಡದ್ದನ್ನೂ ಮರೆಯಬಾರದು. ಪ್ರತಿ ಎಷ್ಟೇ ಒಳ್ಳೆಯದಿರಲಿ, ಮೂಲ ಒಂದು ಕಡೆ ಇರಬೇಕು.

ಸುಳ್ಳಿನ ಆಕ್ಷೇಪ ಗಟ್ಟಿಯಾದದ್ದು. ಶೆಂಗ್ ಲಾಂಗ್ ಸುಳ್ಳು ಹೌದು. ಆದರೆ ಅದು ಹುಟ್ಟಿದ್ದು ಎಲ್ಲಿ, ಯಾವ ತಿಂಗಳು, ಯಾರ್ಯಾರು ನಕಲು ಮಾಡಿದರು, ಅದೇ ವರ್ಷದ ಡಿಸೆಂಬರಿನಲ್ಲಿ ಪತ್ರಿಕೆ ಹೇಗೆ ಒಪ್ಪಿಕೊಂಡಿತು ಎಂಬುದೆಲ್ಲ ಪುಟಸಂಖ್ಯೆ ಸಮೇತ ಹಿಡಿಯಲು ಬರುತ್ತದೆ. ಇಂದಿನ ಒಂದು ಗಾಳಿಸುದ್ದಿಯ ಜಾತಕವನ್ನು ಹೀಗೆ ಬರೆದುಕೊಡಿ ನೋಡೋಣ. ಪಕ್ಷಪಾತದ ಸಾಕ್ಷಿಯೂ ಸಾಕ್ಷಿಯೇ. ಅವನು ಯಾರ ಕಡೆಯವನೆಂದು ಗೊತ್ತಿದ್ದರೆ ಸಾಕು. ಪತ್ರಿಕೆಯಲ್ಲಿ ಅದು ಗೊತ್ತಾಗುತ್ತದೆ. ಒಡೆಯನ ಹೆಸರು ಒಳಪುಟದಲ್ಲಿರುತ್ತದೆ, ಜಾಹೀರಾತು ವಿಮರ್ಶೆಯ ಎದುರುಪುಟದಲ್ಲೇ ಕೂತಿರುತ್ತದೆ. ಹಳೆಯ ಸಂಚಿಕೆಗಳಲ್ಲಿ ನನಗೆ ಜಾಹೀರಾತೇ ಹೆಚ್ಚು ಪ್ರಿಯ ಎಂದರೆ ನಗಬೇಡಿ: ಬೆಲೆ ಎಷ್ಟಿತ್ತು, ಯಾವ ವಯಸ್ಸಿನವರಿಗೆ ಬಲೆ ಬೀಸಿದ್ದರು, ಹುಡುಗಿಯರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೋ ಇಲ್ಲವೋ, ಎಲ್ಲ ಅಲ್ಲಿದೆ.

ಹತ್ತು ಸಾವಿರ ಅಭಿಪ್ರಾಯಗಳ ಮಾತಿಗೆ ಫಾಮಿಟ್ಸುವಿನ ವಿಮರ್ಶೆಯ ಚೌಕ ಉತ್ತರ ಕೊಡುತ್ತದೆ. ಒಂದೇ ಆಟಕ್ಕೆ ನಾಲ್ವರು ವಿಮರ್ಶಕರು. ಒಬ್ಬೊಬ್ಬರಿಗೂ ಕೆಲವೇ ಸಾಲು, ಹತ್ತರೊಳಗೆ ಅಂಕ, ಒಟ್ಟು ನಲವತ್ತು. ಒಬ್ಬ ಒಂಬತ್ತು ಕೊಟ್ಟು ಪಕ್ಕದವನು ಆರು ಕೊಟ್ಟರೆ ಆ ಜಗಳ ಅದೇ ಚೌಕದಲ್ಲಿ ಕಣ್ಣಿಗೆ ಬೀಳುತ್ತದೆ. ಮೊದಲ ನಲವತ್ತಕ್ಕೆ ನಲವತ್ತು ಸಿಕ್ಕಿದ್ದು 1998ರಲ್ಲಿ, ‘ಜೆಲ್ಡಾ: ಒಕರಿನಾ ಆಫ್ ಟೈಮ್’ಗೆ, ಪತ್ರಿಕೆ ಹುಟ್ಟಿ ಹನ್ನೆರಡು ವರ್ಷವಾಗಿತ್ತು. ಆಮೇಲಾಮೇಲೆ ಆ ನಲವತ್ತು ಸಲೀಸಾಗಿ ಬೀಳತೊಡಗಿತು, ಅದರ ಬಗ್ಗೆ ಅನುಮಾನದ ಮಾತೂ ಹುಟ್ಟಿತು. ಆ ಅನುಮಾನ ಪಡಲೂ ಹಳೆಯ ಅಂಕಗಳು ಅಳಿಯದೆ ಇರಬೇಕಷ್ಟೆ.

ವ್ಯತಿರೇಕ

ತರ್ಕದವರು ಅನ್ವಯದ ಜೊತೆ ವ್ಯತಿರೇಕವನ್ನೂ ಕೇಳುತ್ತಾರೆ: ಇದು ಇಲ್ಲದ ಕಡೆ ಅದೂ ಇಲ್ಲವೆಂದು ತೋರಿಸಿ. ತೋರಿಸಲು ದೂರ ಹೋಗಬೇಕಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ವಿಡಿಯೋ ಗೇಮ್ ಅಂಗಡಿಗಳಲ್ಲಿ ಹುಡುಗರು ಸಾಲುಗಟ್ಟಿ ಆಡಿದ ಆಟಗಳಲ್ಲೊಂದು ‘ಮುಸ್ತಫಾ’. ಅದರ ನಿಜವಾದ ಹೆಸರು ‘ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್’, 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ತಯಾರಿಸಿದ್ದು. ಅದರಲ್ಲಿನ ಮುಸ್ತಫಾ ಕೈರೋ ಎಂಬ ಪಾತ್ರದ ಹೆಸರೇ ಇಲ್ಲಿ ಆಟದ ಹೆಸರಾಯಿತು. ಆ ಯಂತ್ರ ಹುಬ್ಬಳ್ಳಿಗೆ ಯಾವ ವರ್ಷ ಬಂತು? ಮೈಸೂರಿನಲ್ಲಿ ಒಂದು ಆಟಕ್ಕೆ ಎಷ್ಟು ನಾಣ್ಯ? ಅಂಗಡಿಗೆ ಯಂತ್ರ ತಂದುಕೊಡುತ್ತಿದ್ದವರು ಯಾರು? ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ಕಂಪನಿ ಹುಟ್ಟಿತ್ತು. ಅಂದರೆ ಆಟ ಕಟ್ಟುವವರೂ ಇಲ್ಲಿದ್ದರು, ಆಡುವವರೂ ಇದ್ದರು. ಆಗ ಇದನ್ನೆಲ್ಲ ಬರೆದು ಅಚ್ಚುಹಾಕುವವರು ಮಾತ್ರ ಇರಲಿಲ್ಲ. ಆದ್ದರಿಂದ ಟೋಕಿಯೋದ 1993ರ ಯಾವುದೇ ವಾರದ ಆಟಗಳ ಬಗ್ಗೆ ಹೇಳಬಹುದು. ದಾವಣಗೆರೆಯ ಒಂದು ವರ್ಷದ ಬಗ್ಗೆಯೂ ಆಧಾರ ಹಿಡಿದು ಹೇಳಲು ಬರುವುದಿಲ್ಲ.

ನಿರ್ಣಯ

ಅಚ್ಚಿನ ಗೇಮ್ ಪತ್ರಿಕೆಗೆ ಬೆಲೆಯುಂಟು. ಅದು ಕೊಳ್ಳುವ ದಿನಕ್ಕಿಂತ ಮುಂದೆ ಹೆಚ್ಚು ತಿಳಿಯುವ ಬೆಲೆ. ವಿದೇಶದ ಸಂಚಿಕೆಗಳನ್ನು ಕಾಯಲು ಅಲ್ಲಿನವರು ಇದ್ದಾರೆ. ಇಲ್ಲಿನದನ್ನು ಇಲ್ಲಿಯವರೇ ಕಾಯಬೇಕು. ಸ್ಕೋರ್, ಡಿಜಿಟ್‌ಗಳ ಹಳೆಯ ಸಂಚಿಕೆಗಳು ಮನೆಯ ಅಟ್ಟದಲ್ಲಿದ್ದರೆ ರದ್ದಿಗೆ ತೂಗಿಹಾಕುವ ಮೊದಲು ಒಮ್ಮೆ ತೆರೆದು ನೋಡಿ. ಜಾಹೀರಾತಿನ ಪುಟ ಹರಿಯಬೇಡಿ, ಜೊತೆಗೆ ಬಂದ ಸಿ.ಡಿ. ಬಿಸಾಡಬೇಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಹತ್ತಿರದ ಕಾಲೇಜಿನ ಗ್ರಂಥಾಲಯವನ್ನೋ ಸಂಗ್ರಹಿಸುವವರನ್ನೋ ಕೇಳಿ. ವಿಡಿಯೋ ಗೇಮ್ ಅಂಗಡಿ ನಡೆಸಿದ ಹಿರಿಯರು ನಿಮ್ಮೂರಿನಲ್ಲಿದ್ದರೆ ಅವರನ್ನು ಮಾತಾಡಿಸಿ, ಹೇಳಿದ್ದನ್ನು ಬರೆದು, ತಾರೀಖು ಹಾಕಿ, ನಾಲ್ಕು ಪುಟವಾದರೂ ಸರಿ, ಎಲ್ಲಾದರೂ ಅಚ್ಚು ಹಾಕಿಸಿ.