ಹಾಜರಿ ಕೇಳದ ಊರು

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ವಿನಿಮಯ ವಿದ್ಯಾರ್ಥಿಯಾಗಿ ಹೋದಾಗ ನನ್ನ ಮನಸ್ಸನ್ನು ಹಗುರ ಮಾಡಿದ್ದು ಅಲ್ಲಿನ ಪರೀಕ್ಷೆಯ ನಿಯಮ. ಫೇಲಾದವರು ಮತ್ತೆ ಬರೆಯಬಹುದು. ಅವಕಾಶಗಳಿಗೆ ಮಿತಿ ಹಾಕಿದರೂ ಐದಕ್ಕಿಂತ ಕಡಿಮೆ ಮಾಡುವಂತಿಲ್ಲ. ಎರಡು ಸಲ ಪಾಸಾಗದಿದ್ದರೆ ಬೇರೆ ಪರೀಕ್ಷಕರು ಬೇಕೆಂದು ಕೇಳುವ ಹಕ್ಕೂ ಇದೆ. ಐದಾರು ವಿಷಯಗಳನ್ನು ಒಟ್ಟಿಗೆ ಹೊತ್ತು ಓಡುವ ಗಡಿಬಿಡಿಯಿಲ್ಲ. ಸೆಮಿಸ್ಟರಿನ 30 ಕ್ರೆಡಿಟ್‌ಗಳನ್ನು ಬಹುಮಟ್ಟಿಗೆ ಒಂದೊಂದೇ ಕೋರ್ಸ್ ಮುಗಿಸುತ್ತ ಗಳಿಸುತ್ತಾರೆ. ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಹಾಜರಿ ತೆಗೆದುಕೊಳ್ಳುವುದಿಲ್ಲ. ಓದುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಶೇಕಡಾ 75ರ ಲೆಕ್ಕ ಹಾಕುತ್ತ ಬೆಂಚಿನಲ್ಲಿ ಕೂತು ಬೆಳೆದವರಿಗೆ ಈ ನಂಬಿಕೆ ಬಹಳ ದೊಡ್ಡದು. ಸೆಮಿನಾರಿನಲ್ಲಿ ‘ನನಗಿದು ಅರ್ಥವಾಗಿಲ್ಲ’ ಎಂದು ಎಲ್ಲರೆದುರು ಹೇಳುವ ಧೈರ್ಯ ನನಗೆ ಬಂದದ್ದು ಅದರಿಂದಲೇ. ಫೇಲಾದರೆ ಮಾನ ಹೋಗದ ಕಡೆ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ.

ಆಮೇಲೆ ಚಳಿಗಾಲ ಬಂತು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರರೊಳಗೇ ಸೂರ್ಯ ಮುಳುಗುತ್ತಾನೆ. ನಾನಿದ್ದ ವಿದ್ಯಾರ್ಥಿನಿಲಯದಲ್ಲಿ ಒಂದು ಕಾರಿಡಾರಿನ ಕೋಣೆಗಳಿಗೆಲ್ಲ ಸೇರಿ ಒಂದೇ ಅಡುಗೆಮನೆ. ನಾನು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದರೆ ಪಕ್ಕದಲ್ಲಿ ಪಾಸ್ತಾ ಬೇಯಿಸಿಕೊಂಡವರು ಮುಗುಳ್ನಕ್ಕು, ತಟ್ಟೆ ಹಿಡಿದು ತಮ್ಮ ಕೋಣೆ ಸೇರುತ್ತಾರೆ. ಎರಡು ದಿನ ಕದ ತೆರೆಯದಿದ್ದರೂ ‘ಊಟ ಆಯ್ತಾ’ ಎಂದು ಯಾರೂ ಬಂದು ಕೇಳುವುದಿಲ್ಲ. ಇದನ್ನು ಒಣ ಮನಸ್ಸು ಎಂದುಬಿಡುವುದು ಸುಲಭ. ನಾನು ಹಾಗೆನ್ನಲಾರೆ. ಹಾಜರಿ ಕೇಳದ ಗೌರವವೇ ಊಟವನ್ನೂ ಕೇಳದೆ ದೂರ ನಿಲ್ಲುತ್ತದೆ. ನಮ್ಮಲ್ಲಿ ವಾರಾನ್ನದ ಹುಡುಗರ ಅನುಭವ ಇದಕ್ಕೆ ತೀರ ವಿರುದ್ಧ. ದಿನಕ್ಕೊಂದು ಮನೆ ಅನ್ನ ಹಾಕುತ್ತಿತ್ತು, ನಿಜ. ಆದರೆ ಹಾಕುವ ಮೊದಲು ಜಾತಿ ನೋಡುತ್ತಿತ್ತು, ಹಾಕಿದ ಮೇಲೆ ಅಂಕ, ನಡತೆ ಎಲ್ಲವನ್ನೂ ವಿಚಾರಿಸುವ ಅಧಿಕಾರ ಪಡೆಯುತ್ತಿತ್ತು.

ಇವೆರಡರ ನಡುವೆ ಬದುಕಲು ದಾರಿಯಿದೆಯೇ? ನನಗೆ ಸಿಕ್ಕಿದ್ದು ಉಪ್ಸಾಲಾದ ‘ನೇಷನ್’ಗಳು. 17ನೇ ಶತಮಾನದಲ್ಲಿ ಒಂದೊಂದು ಸೀಮೆಯಿಂದ ಬಂದ ವಿದ್ಯಾರ್ಥಿಗಳು ಪರವೂರಿನಲ್ಲಿ ಒಬ್ಬರಿಗೊಬ್ಬರು ಆಸರೆಯಾಗಲು ಕಟ್ಟಿಕೊಂಡ ಸಂಘಗಳವು. ಈಗ 13 ಇವೆ, ಯಾವ ದೇಶದ ವಿದ್ಯಾರ್ಥಿಯಾದರೂ ಇಷ್ಟಬಂದದ್ದನ್ನು ಸೇರಬಹುದು. ಊಟ, ಕಾಫಿ, ಗಾಯನ, ಕುಣಿತ ಎಲ್ಲವನ್ನೂ ವಿದ್ಯಾರ್ಥಿಗಳೇ ನಡೆಸುತ್ತಾರೆ. ಅಲ್ಲಿ ಈರುಳ್ಳಿ ಹೆಚ್ಚುತ್ತ ನಿಂತರೆ, ಕಾರಿಡಾರಿನಲ್ಲಿ ಮುಗುಳ್ನಕ್ಕು ಸರಿದುಹೋಗುವವರೇ ತಮ್ಮ ಅಜ್ಜಿಯ ಊರಿನ ಕತೆ ಹೇಳುತ್ತಾರೆ. ಕೈಗೆ ಕೆಲಸವಿದ್ದಾಗ ಅವರಿಗೆ ಮಾತು ಸಲೀಸು. ಬೇಕೆಂದವರು ಬರುತ್ತಾರೆ, ಬೇಡವೆಂದಾಗ ಬಿಡುತ್ತಾರೆ. ಅಲ್ಲಿ ಕೂತು ಉಂಡ ಅನ್ನಕ್ಕೆ ಋಣದ ಭಾರವಿಲ್ಲ.

ಹೊರಡುವ ತಯಾರಿಯಲ್ಲಿರುವ ನಮ್ಮ ಹುಡುಗ ಹುಡುಗಿಯರು ಜಾಕೆಟ್ಟು, ಬೂಟಿನ ಬಗ್ಗೆ ಕೇಳುತ್ತಾರೆ. ಅವು ಅಲ್ಲೇ ಸಿಗುತ್ತವೆ. ಕತ್ತಲೆ ಇಳಿಯುವ ಮುನ್ನ, ಸೆಪ್ಟೆಂಬರಿನಲ್ಲೇ, ಯಾವುದಾದರೊಂದು ನೇಷನ್ನಿನ ಅಡುಗೆಮನೆ ಕೆಲಸಕ್ಕೆ ಹೆಸರು ಕೊಡಿ ಎನ್ನುತ್ತೇನೆ.